ಡ್ಯಾಫ್ನಿಗೊಂದು ಕೇಕು

ಬೆಣ್ಣೆ ಇನ್ನೂ ಗಟ್ಟಿ, ಚಮಚದ ಬೆನ್ನಿನಿಂದ ಒತ್ತಿದರೆ ಕರಗುವ ಬದಲು ಜಾರುತ್ತದೆ, ಗಾಜಿನ ಬಟ್ಟಲಿನ ಅಂಚಿಗೆ ಓಡಿ ಅಂಟಿಕೊಳ್ಳುತ್ತದೆ, ಬೇಕೆಂದೇ ಆಟವಾಡಿಸುತ್ತಿದೆ ಎಂದು ಶೆರ್ವಿನ್‌ಗೆ ಅನ್ನಿಸಿತು, ಇನ್ನೂ ಜೋರಾಗಿ ಒತ್ತಿದ, ಚಮಚದ ಕತ್ತು ಬಗ್ಗಿತು, ಬೆಣ್ಣೆ ಬಗ್ಗಲಿಲ್ಲ — ಸಮಾಧಾನ, ಇವತ್ತು ಸಮಾಧಾನ, ಇವತ್ತು ಡ್ಯಾಫ್ನಿಯ ಹುಟ್ಟುಹಬ್ಬ, ಕಂಕನಾಡಿಯ ಆಸ್ಪತ್ರೆಯಲ್ಲಿ ಅವಳಿಗೆ ಡ್ಯೂಟಿ, ಎಮರ್ಜೆನ್ಸಿಯ ನರ್ಸಿಗೆ ಭಾನುವಾರವೂ ಇಲ್ಲ ಹುಟ್ಟುಹಬ್ಬವೂ ಇಲ್ಲ, ಸಂಜೆ ಅವಳು ದೇರೆಬೈಲಿನ ಈ ಮಹಡಿ ಮನೆಯ ಮೆಟ್ಟಿಲು ಹತ್ತಿ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಮೇಜಿನ ಮೇಲೆ ಕೇಕು ಇರಬೇಕು, ಕೇಕಿನ ಆ ಕಡೆ ಮಗಳು, ಈ ಕಡೆ ಮಗ, ಹಿಂದೆ ಅವನು, ಇಬ್ಬರ ಹೆಗಲ ಮೇಲೂ ಕೈ ಇಟ್ಟು, ಫೋಟೋದಲ್ಲಿ ನಿಲ್ಲುವ ಅಪ್ಪಂದಿರ ಹಾಗೆ. ಪಪ್ಪಾ ಮೊಟ್ಟೆ ನಾನು ಒಡೀತೇನೆ, ನಾನು, ನಾನು, ಎನ್ನುತ್ತ ಆನ್ಸನ್ ಸ್ಟೂಲಿನ ಮೇಲೆ ಕುಣಿಯುತ್ತಿದ್ದಾನೆ, ನಾಲ್ಕು ವರ್ಷದ ಮೈಯಲ್ಲಿ ಒಂದು ಅಂಗವೂ ನಿಂತಲ್ಲಿ ನಿಲ್ಲುವುದಿಲ್ಲ, ಅವನ ಬೆರಳು ಸಕ್ಕರೆಗೆ ಹೋಗಿ ಬಾಯಿಗೆ ಬರುತ್ತದೆ, ಬಾಯಿಂದ ಮತ್ತೆ ಸಕ್ಕರೆಗೆ, ಬೇಡ ಮಗಾ ಎಂದು ಒಂದು ಸಲ ಹೇಳಿಯಾಯಿತು, ಎರಡು ಸಲ, ಮೂರನೆಯ ಸಲಕ್ಕೆ ಶೆರ್ವಿನ್‌ನ ಕುತ್ತಿಗೆಯ ಹಿಂದೆ ಆ ಬಿಸಿ ಏಳುತ್ತದೆ, ಅವನಿಗೆ ಪರಿಚಯವಿರುವ ಬಿಸಿ, ಮೊದಲು ಕುತ್ತಿಗೆ, ಆಮೇಲೆ ಕಿವಿ, ಆಮೇಲೆ ಕೈ — ದೋಹಾದ ಗೋದಾಮಿನಲ್ಲೂ ಹಾಗೇ ಬಂದಿತ್ತು, ಫೋರ್ಕ್‌ಲಿಫ್ಟ್ ಓಡಿಸುವ ಶ್ರವಣ್, ಪುತ್ತೂರು ಕಡೆಯ ಹುಡುಗ, ಎಂತ ಸೂಪರ್‌ವೈಸರೇ ಇವತ್ತು ಬಾರೀ ಬಿಸಿ ಉಂಟಲ್ಲ ಎಂದು ನಕ್ಕ, ಅಷ್ಟೇ, ನಕ್ಕ, ಆಮೇಲೆ ಅವನ ದವಡೆಯಿಂದ ಒಣಕಡ್ಡಿ ಮುರಿದ ಸದ್ದು ಬಂತು, ಸದ್ದು ಮೊದಲು ಕೇಳಿಸಿತು, ತನ್ನ ಮುಷ್ಟಿ ಹೋಗಿದ್ದು ಆಮೇಲೆ ಗೊತ್ತಾಯಿತು, ಹುಡುಗ ನೆಲದಲ್ಲಿ ಕೂತು ಎರಡು ಕೈಯಿಂದ ಬಾಯಿ ಹಿಡಿದುಕೊಂಡಿದ್ದ, ಬೆರಳ ಸಂದಿನಿಂದ ರಕ್ತ ಎಳೆಯಾಗಿ ಇಳಿಯುತ್ತಿತ್ತು, ಮತ್ತು ಶೆರ್ವಿನ್‌ಗೆ ಹಿತವಾಗಿತ್ತು, ಆ ಒಂದು ಕ್ಷಣ ಮೈಯೆಲ್ಲ ತಣ್ಣಗೆ, ಸ್ನಾನ ಮಾಡಿ ಬಂದ ಹಾಗೆ. ಕಾಂಟ್ರಾಕ್ಟ್ ಮುಗಿಯಿತು ಎಂದು ಮನೆಯಲ್ಲಿ ಹೇಳಿದ. ಒಳ್ಳೆಯದೇ ಆಯ್ತು, ಮಕ್ಕಳ ಜೊತೆ ಸ್ವಲ್ಪ ದಿನ ಇರಬಹುದಲ್ಲ, ಎಂದಳು ಡ್ಯಾಫ್ನಿ, ನಂಬಿದಳು.

ಮಕ್ಕಳ ಜೊತೆ ಇದ್ದಾನೆ, ಸ್ನಾನ ಮಾಡಿಸುವುದೂ ಬಟ್ಟೆ ಹಾಕುವುದೂ ಈಗ ಅವನೇ. ಹಿಟ್ಟು ಜರಡಿ ಹಿಡಿಯುವುದು ಏವ್ರಿಲಳ ಕೆಲಸ, ಏಳು ವರ್ಷದವಳು, ತುಟಿ ಕಚ್ಚಿಕೊಂಡು ಜರಡಿಯ ಬದಿಗೆ ಮೆಲ್ಲಗೆ ತಟ್ಟುತ್ತಾಳೆ, ಒಂದು ಕಣ ಹೊರಗೆ ಬೀಳುವುದಿಲ್ಲ, ಬಿದ್ದರೆ ಕೂಡಲೇ ಅವನ ಮುಖ ನೋಡುತ್ತಾಳೆ, ನೋಡಿ ಒರೆಸುತ್ತಾಳೆ, ಒಳ್ಳೆಯ ಮಗು, ಚಿಕ್ಕಂದಿನಲ್ಲಿ ಅವನೂ ಹೀಗೇ ಇದ್ದ, ಕ್ರಿಸ್ಮಸ್ಸಿಗೆ ಕರಿಯುವ ಸಿಹಿತಿಂಡಿ ಕಿಡಿಯೊ ಮಾಡುವಾಗ ಅಪ್ಪ ಬೆನೆಡಿಕ್ಟ್ ಮೇಜಿನ ತುದಿಗೆ ಕೂರುತ್ತಿದ್ದರು, ಹಿಟ್ಟಿನ ಗೋಲಿಯನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಬೇಕು, ಗೆರೆ ಸರಿಯಾಗಿ ಮೂಡಬೇಕು, ಮೂಡದಿದ್ದರೆ ಲಟ್ಟಣಿಗೆ ಬೆರಳ ಗೆಣ್ಣಿಗೆ, ಕಟ್, ಮತ್ತೆ ಮಾಡು, ಕಟ್, ಅಳಬೇಡ, ಹಿಟ್ಟಿಗೆ ನೀರು ಬೀಳ್ತದೆ, ಅಮ್ಮ ಎಣ್ಣೆಯ ಬಾಣಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು, ಜಾಲರಿ ಸೌಟು ಆಡಿಸುತ್ತಲೇ ಇದ್ದಳು, ಒಮ್ಮೆಯೂ ತಿರುಗಲಿಲ್ಲ, ಒಂದೇ ಒಮ್ಮೆ ತಿರುಗಿದ್ದರೆ — ಇರಲಿ, ಸತ್ತವರನ್ನು ಎಂತ ಕೇಳುವುದು, ಅಪ್ಪನ ಶವಪೆಟ್ಟಿಗೆಯನ್ನು ಗುಂಡಿಗಿಳಿಸುವಾಗ ಎಲ್ಲರೂ ಮುಷ್ಟಿ ಮಣ್ಣು ಹಾಕಿದರು, ಅವನು ಎಸೆದ, ಗುರಿ ಇಟ್ಟು ಎಸೆದ, ಮಣ್ಣು ಪೆಟ್ಟಿಗೆಯ ಮರಕ್ಕೆ ಬಡಿದ ಸದ್ದಿಗೆ ಪಾದ್ರಿಯವರು ತಲೆ ಎತ್ತಿ ನೋಡಿದರು, ತನ್ನ ಮಕ್ಕಳ ಮೇಲೆ ಲಟ್ಟಣಿಗೆ ಎತ್ತುವುದಿಲ್ಲ ಎಂದು ಅವತ್ತು ಅಂದುಕೊಂಡ, ಎತ್ತಲೂ ಇಲ್ಲ, ಲಟ್ಟಣಿಗೆ ಎತ್ತಿಯೇ ಇಲ್ಲ. ಸರಿ, ಒಡಿ, ಮೆಲ್ಲ ಒಡಿ, ಎಂದು ಮೊಟ್ಟೆಯನ್ನು ಆನ್ಸನ್‌ನ ಅಂಗೈಗೆ ಕೊಟ್ಟ, ತಾನೇ ಆ ಪುಟ್ಟ ಕೈ ಹಿಡಿದು ಬಟ್ಟಲಿನ ಅಂಚಿಗೆ ತಾಗಿಸಿದ, ಚಿಪ್ಪು ಎರಡಾಯಿತು, ಹಳದಿ ಇಡಿಯಾಗಿ ಜಾರಿತು, ಮೂವರೂ ಒಟ್ಟಿಗೆ ನೋಡಿದರು, ಏವ್ರಿಲ್ ಕೂಡ ನಕ್ಕಳು, ಇದೇ, ಇಷ್ಟೇ ಬೇಕಾದದ್ದು, ಜನ ಇದನ್ನೇ ಸಂಸಾರ ಅನ್ನುತ್ತಾರೆ, ಬೆಣ್ಣೆಯೂ ಕೊನೆಗೆ ಬಗ್ಗಿತು, ಸಕ್ಕರೆ, ಹಿಟ್ಟು, ವೆನಿಲ್ಲಾ, ಹಿಟ್ಟು ಕಲಸಿ ಕಲಸಿ ತೋಳು ನೋಯುತ್ತಿದೆ, ಒಳ್ಳೆಯ ನೋವು, ಅಚ್ಚಿಗೆ ಮೈದಾ ಉದುರಿಸಿದ ಅಂಗೈ ಇನ್ನೂ ಬಿಳಿ, ಓವನ್ ಕಾಯುತ್ತಿದೆ, ತಗಡಿನ ಅಚ್ಚನ್ನು ಒಳಗಿಡುವ ಕೆಲಸ ತನ್ನದೆಂದು ಏವ್ರಿಲ್ ಆಗಲೇ ದಪ್ಪ ಬಟ್ಟೆಯ ಕೈಗವಸು ಹಾಕಿಕೊಂಡು ನಿಂತಿದ್ದಾಳೆ, ದೊಡ್ಡವರ ಅಳತೆಯದು, ಮೊಣಕೈವರೆಗೆ ಬರುತ್ತದೆ, ಇನ್ನೂ ಹೊತ್ತುಂಟು ಮಗಾ ಎಂದರೂ ತೆಗೆಯಲಿಲ್ಲ.

ಆಮೇಲಿನದು ಎಷ್ಟು ಬೇಗ ಆಯಿತೆಂದರೆ — ಆನ್ಸನ್ ಹಿಟ್ಟು ನೆಕ್ಕಲು ಬಗ್ಗಿದ, ಸ್ಟೂಲು ಒಂದು ಕಾಲಿನ ಮೇಲೆ ತಿರುಗಿತು, ಬೀಳದಿರಲು ಬಟ್ಟಲನ್ನು ತಬ್ಬಿ ಹಿಡಿದ, ಬಟ್ಟಲು ಜಾರಿತು, ಗಾಜು ನೆಲದ ಮೇಲೆ ಸಿಡಿಯಿತು, ಹಳದಿ ಹಿಟ್ಟು ನಿಧಾನವಾಗಿ ಚೂರುಗಳ ನಡುವೆ ಹರಡಿತು, ಬಟ್ಟಲು ಹೋದರೂ ಮಗು ಸ್ಟೂಲಿನ ಮೇಲೆ ಹಾಗೇ ನಿಂತಿತ್ತು, ಬೀಳಲಿಲ್ಲ, ಬೀಳಲಿಲ್ಲ ಎಂಬ ಖುಷಿಗೋ ಭಯಕ್ಕೋ ನಕ್ಕಿತು. ನಕ್ಕಿತು. ಕುತ್ತಿಗೆ, ಕಿವಿ, ಕೈ. ಬೆನ್ನಿಗೆ ಬಿದ್ದ ಏಟಿಗೆ ಆನ್ಸನ್ ಮುಂದಕ್ಕೆ ಹಾರಿದ, ಹಾರಿದ ಎನ್ನಬೇಕು, ಅಷ್ಟು ಹಗುರ ಮೈ, ಹಣೆ ಅಡುಗೆಕಟ್ಟೆಯ ಗ್ರಾನೈಟಿನ ಅಂಚಿಗೆ ಬಡಿದ ಸದ್ದು ದೊಡ್ಡದೇನಲ್ಲ, ತೆಂಗಿನಕಾಯಿಯನ್ನು ಮೊದಲ ಸಲ ಕುಟ್ಟಿದಾಗ ಬರುವಷ್ಟು, ಅವನು ನೆಲಕ್ಕೆ ಬಿದ್ದ, ಹಿಟ್ಟಿನ ಮೇಲೆ ಬಿದ್ದ, ಕೆಂಪು ಹಳದಿಗೆ ಸೇರಿತು, ಶೆರ್ವಿನ್ ನೋಡಿದ, ನೋಡುತ್ತಲೇ ಕೈ ಇನ್ನೊಂದು ಸಲ ಮೇಲೆದ್ದಿತ್ತು, ಯಾಕೆ ಎದ್ದಿತು, ಬಿದ್ದವನ ಮೇಲೆ ಯಾಕೆ, ಅವನಿಗೇ ಗೊತ್ತಿಲ್ಲ, ಎದ್ದಿತ್ತು, ಮತ್ತು ಏವ್ರಿಲ್ ನಡುವೆ ಬಂದಳು. ಕಿರುಚಲಿಲ್ಲ. ತಮ್ಮನ ಮುಂದೆ ಗಾಜಿನ ಚೂರುಗಳ ಮೇಲೆ ಬರಿಗಾಲಲ್ಲಿ ನಿಂತು ಎರಡು ಕೈಗವಸನ್ನೂ ಮುಖಕ್ಕೆ ಅಡ್ಡ ಹಿಡಿದಳು, ಕೈಗವಸಿನ ಹಿಂದಿನಿಂದ, ಪಾಠ ಒಪ್ಪಿಸುವ ದನಿಯಲ್ಲಿ, ಅವನಿಗೆ ಮೊನ್ನೆಯದ್ದು ಇನ್ನೂ ನೋವುಂಟು ಪಪ್ಪಾ, ಎಂದಳು. ಮೊನ್ನೆ. ಮೊನ್ನೆ ಎಂತ ಆಗಿತ್ತು, ಏನೂ ಆಗಿರಲಿಲ್ಲ, ಟೀವಿಯ ರಿಮೋಟು, ಅಲ್ಲ, ಅದು ಅದರ ಹಿಂದಿನ ವಾರ, ಮೊನ್ನೆ ಬಚ್ಚಲಲ್ಲಿ, ಒದ್ದೆ ಚಪ್ಪಲಿ, ಬಕೆಟ್ಟು ಮಗುಚಿದ್ದಕ್ಕೆ, ಹೌದು, ಅವತ್ತೂ ಆಮೇಲೆ ತಣ್ಣಗಾಗಿತ್ತು, ನಲ್ಲಿ ತಿರುಗಿಸಿದ ಹಾಗೆ ಮರೆತಿದ್ದ, ಇವಳು ಮರೆತಿಲ್ಲ, ಇವಳು ಒಂದನ್ನೂ ಮರೆತಿಲ್ಲ.

ಕೆಳಮನೆಯ ಹಾಶಿಂ ಸದ್ದು ಕೇಳಿ ಮೇಲೆ ಬಂದಿದ್ದ, ಎಂತಾಯ್ತು ಮಾರಾಯ ಎಂದ, ಸ್ಟೂಲಿಂದ ಬಿದ್ದ ಎಂದ ಶೆರ್ವಿನ್, ಹಾಶಿಂ ಮಗುವನ್ನು ನೋಡಿದ, ಏವ್ರಿಲಳ ಕಾಲಿನ ರಕ್ತ ನೋಡಿದ, ಕೆಳಗಿಳಿದು ಕಾರು ತೆಗೆದ, ಬೇರೆ ಆಸ್ಪತ್ರೆ, ಹತ್ತಿರದ್ದು, ಎಂದು ಶೆರ್ವಿನ್ ಅಂದರೆ ಹಾಶಿಂ, ಮಕ್ಕಳ ಅಮ್ಮನ ಹತ್ತಿರವೇ ಹೋಗುವ ಎಂದ, ಆ ಒಂದು ಮಾತಿಗೆ ಅವನ ತಲೆಯನ್ನು ಸ್ಟಿಯರಿಂಗಿಗೆ ಬಡಿಯಬೇಕೆನ್ನಿಸಿತು, ನಂತೂರಿನ ಸರ್ಕಲ್ಲಿನಲ್ಲಿ ಬಸ್ಸೊಂದು ಅಡ್ಡ ಬಂದಾಗ ಡ್ರೈವರನ್ನು ಎಳೆದು ರಸ್ತೆಗೆ ಹಾಕಬೇಕೆನ್ನಿಸಿತು, ಮಗ ತೊಡೆಯ ಮೇಲೆ ಬಿಕ್ಕುತ್ತಿದ್ದಾನೆ, ಅವನ ಹಣೆಗೆ ಒತ್ತಿ ಹಿಡಿದ ಟವೆಲು ಬೆಚ್ಚಗೆ ನೆನೆಯುತ್ತಿದೆ, ಇದೇ ಕೈ ಒತ್ತಿ ಹಿಡಿದಿದೆ, ಇದೇ ಕೈ, ಡ್ಯಾಫ್ನಿ ನಂಬುತ್ತಾಳೆ, ಮಕ್ಕಳು ಬೀಳುತ್ತಾರೆ, ದಿನಾ ಬೀಳುತ್ತಾರೆ. ಎಮರ್ಜೆನ್ಸಿಯ ಬಾಗಿಲಿಗೆ ಅವಳು ಓಡಿ ಬರಲಿಲ್ಲ, ಬೇಗ ನಡೆದು ಬಂದಳು, ಬೇರೆಯವರ ಮಕ್ಕಳ ಬಳಿಗೂ ಹೀಗೇ ನಡೆಯುತ್ತಾಳೇನೋ, ಮಗನನ್ನು ಮಂಚಕ್ಕೆ ಹಾಕಿದಳು, ಹಣೆ ನೋಡಿದಳು, ಕಣ್ಣಿಗೆ ಟಾರ್ಚು ಬಿಟ್ಟಳು, ಸ್ಟೂಲಿಂದ ಬಿದ್ದ, ನಿನಗೆ ಕೇಕು ಮಾಡ್ತಾ ಇದ್ದೆವು, ಎಂದ ಅವನು, ಹೌದಾ ಎಂದಳು, ಕಣ್ಣು ತುಂಬಿತು, ಮಗನನ್ನು ಮಗ್ಗುಲಿಗೆ ಹೊರಳಿಸಿದಳು, ಅಲ್ಲೇ ನಿಂತಳು. ಕಡುನೀಲಿ ಟೀಶರ್ಟಿನ ಬೆನ್ನ ಮೇಲೆ, ಟ್ಯೂಬ್‌ಲೈಟಿನ ಬೆಳಕಿಗೆ, ಮೈದಾ ಹಿಟ್ಟಿನಲ್ಲಿ ಒಂದು ಹಸ್ತ, ಐದು ಬೆರಳೂ ಅಗಲಿಸಿ, ಅಚ್ಚೊತ್ತಿದ ಹಾಗೆ. ಅವಳು ತನ್ನ ಕೈಯನ್ನು ಅದರ ಮೇಲೆ, ತಾಗಿಸದೆ, ಹಿಡಿದು ನೋಡಿದಳು, ಸುತ್ತಲೂ ಬಿಳಿ ಉಳಿಯಿತು. ಅಂಗಿ ಎತ್ತಿದಳು. ಕೆಳಗೆ ಇನ್ನೊಂದು ಗುರುತು, ನೀಲಿಗಟ್ಟಿದ್ದು, ಅದರ ಪಕ್ಕ ಹಳದಿಯಾದದ್ದು, ಗಾಯದ ವಯಸ್ಸು ಬಣ್ಣದಲ್ಲಿ ಓದುವುದು ಅವಳ ಕಸುಬು, ಅವಳು ಓದುತ್ತಿರುವುದನ್ನು ಅವನು ನೋಡುತ್ತ ನಿಂತ, ಮಂಚದ ಸುತ್ತಲಿನ ಪರದೆ ಹರಿದು ಅವಳ ಬಾಯಿಗೆ ತುರುಕಬೇಕು, ಕಾಲಿಗೆ ಬೀಳಬೇಕು, ಎರಡೂ ಒಟ್ಟಿಗೆ ಬಂತು. ಬಿದ್ದ ಡ್ಯಾಫ್ನಿ, ಎಂದ. ಬಿದ್ದವರನ್ನು ನಾನು ದಿನಾ ನೋಡ್ತೇನೆ ಶೆರ್ವಿನ್, ಎಂದಳು ಅವಳು, ದನಿ ಏರಲಿಲ್ಲ, ಡಾಕ್ಟರಿಗೆ ನಾನೇ ಹೇಳ್ತೇನೆ, ಪೊಲೀಸರಿಗೂ ನಾನೇ ಹೇಳ್ತೇನೆ, ಮಕ್ಕಳು ಇವತ್ತಿನಿಂದ ಪಡೀಲಿನಲ್ಲಿ ನನ್ನ ಅಮ್ಮನ ಜೊತೆ ಇರ್ತಾರೆ, ನೀನು ಹೊರಗೆ ಹೋಗು.

ಹೊರಗೆ. ಬೆಂಚಿನ ಮೇಲೆ ಏವ್ರಿಲ್ ಕೂತಿದ್ದಾಳೆ, ಪಾದಕ್ಕೆ ಬ್ಯಾಂಡೇಜು, ಕೈಯಲ್ಲಿ ಇನ್ನೂ ಆ ಕೈಗವಸು, ಅಂಚಿಗೆ ಒಣಗಿದ ಹಿಟ್ಟು, ಹಾಶಿಂ ತೆಗೆಯಲು ನೋಡಿದರೂ ಕೊಡಲಿಲ್ಲವಂತೆ, ಈಗ ಶೆರ್ವಿನ್‌ಗೆ ಮೈ ತಣ್ಣಗಾಗಬೇಕಿತ್ತು, ಆಗುತ್ತಿಲ್ಲ, ಒಳಗೆ ಆನ್ಸನ್‌ಗೆ ಹೊಲಿಗೆ ಹಾಕುತ್ತಿದ್ದಾರೆ, ಪಪ್ಪಾ ಎಂದು ಕಿರುಚುತ್ತಿದ್ದಾನೆ, ಅವನನ್ನೇ ಕರೆಯುತ್ತಿದ್ದಾನೆ, ಇಷ್ಟಾದ ಮೇಲೂ, ಅಥವಾ ಕರೆಯುತ್ತಿಲ್ಲವೇನೋ, ಬೇಡ ಪಪ್ಪಾ ಎನ್ನುತ್ತಿದ್ದಾನೋ, ಸೂಜಿ ಹಿಡಿದ ಕೈಯೂ ಅವನಿಗೆ ಅಪ್ಪನದೇ ಆಗಿ ಕಾಣುತ್ತದೋ — ಏವ್ರಿಲ್, ಮಗಾ, ಸೆಕೆ ಆಗ್ತದೆ, ಅದು ತೆಗಿ, ಎಂದು ಅವನು ಕೈ ಮುಂದೆ ಮಾಡಿದ, ಮೆಲ್ಲಗೆ, ಮೊಟ್ಟೆ ಹಿಡಿಯುವಷ್ಟು ಮೆಲ್ಲಗೆ, ಅಂಗೈ ಮೇಲೆ ಮಾಡಿ, ಮತ್ತು ಅವಳು ಅಂಗೈ ನೋಡಲಿಲ್ಲ, ಮುಖ ನೋಡಲಿಲ್ಲ, ಕೈ ಬರುತ್ತಿದೆ ಎಂಬುದಷ್ಟನ್ನೇ ನೋಡಿದಳು, ಬೆನ್ನನ್ನು ಗೋಡೆಗೆ ಒತ್ತಿದಳು, ಕೈಗವಸು ಎರಡೂ ಮೇಲೆದ್ದವು, ಒಂದರ ಪಕ್ಕ ಒಂದು, ಮುಖಕ್ಕೆ ಅಡ್ಡ, ಕಣ್ಣು ಕಾಣುವುದಿಲ್ಲ, ಹಣೆ ಕಾಣುವುದಿಲ್ಲ, ಅವನು ಕೈ ಹಿಂದಕ್ಕೆ ತೆಗೆದ, ಅವು ಇಳಿಯಲಿಲ್ಲ, ಒಂದು ಹೆಜ್ಜೆ ಹಿಂದೆ ಹೋದ, ಇಳಿಯಲಿಲ್ಲ, ಕಾರಿಡಾರಿನ ಆ ತುದಿಯವರೆಗೆ ಹೋಗಿ ತಿರುಗಿ ನೋಡಿದ, ಎರಡು ಕೈಗವಸು, ಬೆಂಚಿನ ಮೇಲೆ, ಎತ್ತಿ ಹಿಡಿದದ್ದು ಎತ್ತಿ ಹಿಡಿದ ಹಾಗೇ, ಎರಡು ಕೈಗವಸು —