ಚೀಟಿಯಲ್ಲಿ ಬರೆದ ದಂಡ

ಕೇಳಿ ಕೇಳಿ ಯಶೋದಮ್ಮನಿಗೆ ಸಾಕಾಗಿತ್ತು. ಹುಣಸೂರಿನ ಅವಳ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದ ಕರಿಯಯ್ಯ ಎರಡು ತಿಂಗಳಿಂದ ದುಡ್ಡು ಕೊಟ್ಟಿರಲಿಲ್ಲ. ಕೆಟ್ಟವನೇನಲ್ಲ. ತಂಬಾಕು ಹರಾಜಿನ ಕಡೆ ಹೊರೆ ಹೊರುವವನು, ಹಂಗಾಮು ಮುಗಿದು ಸುಮ್ಮನೆ ಕೂತಿದ್ದ. ಆದರೆ ಅವಳ ಮಂಡಿನೋವಿನ ಮಾತ್ರೆಗೆ ಆ ಬಾಡಿಗೆಯೇ ಗತಿ. ಎದುರು ಸಿಕ್ಕರೆ ತಲೆ ತಗ್ಗಿಸಿ ಸರಿದುಬಿಡುವವನ ಹತ್ತಿರ ಎಷ್ಟು ಸಲ ಬಾಯಿಬಿಡುವುದು? ಕೊನೆಗೆ ಒಂದು ಚೀಟಿ ಬರೆದು ಅವನ ಬಾಗಿಲಿಗೆ ಸಿಕ್ಕಿಸಿದಳು: 'ಬಾಡಿಗೆ ಬಾಕಿ ಇದೆ. ತಡವಾದ್ದಕ್ಕೆ ಐನೂರು ದಂಡ ಸೇರಿಸಿ ಕೊಡುವುದು.' ಕರೆಂಟ್ ಬಿಲ್ಲಿಗೆ ಹಾಕುತ್ತಾರಲ್ಲ, ಹಾಗೆ.

ಮಾರನೆಯ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟಿದ್ದಾಗ ಅಂಗಳದಲ್ಲಿ ಯಾರೋ ಕೆಮ್ಮಿದರು. ಕರಿಯಯ್ಯ ಬರಿಗಾಲಲ್ಲಿ ನಿಂತಿದ್ದ. ಹೆಗಲ ಟವೆಲ್ಲು ಸೊಂಟಕ್ಕೆ ಇಳಿದಿತ್ತು. ಕೈಯಲ್ಲೊಂದು ತಟ್ಟೆ, ಅದರಲ್ಲಿ ವೀಳ್ಯದೆಲೆ, ಎಲೆಯ ಮೇಲೆ ಐನೂರರ ನೋಟು. ಹಿಂದೆ ಹೆಂಡತಿ ಚಿಕ್ಕಬೀರಮ್ಮ. ತಟ್ಟೆಯನ್ನು ಮುಂದಿಟ್ಟು ಅವನು ಉದ್ದಕ್ಕೆ ಅಡ್ಡಬಿದ್ದ.

"ತಪ್ಪಾಯ್ತು ಕಣವ್ವ. ದಂಡ ತಕಳಿ."

"ಅಯ್ಯೋ, ಏಳ್ರೀ ಮೇಲೆ! ಬಾಡಿಗೆ ಎಲ್ಲಿ?"

"ಬಾಡ್ಗೆ ವಸಿ ನಿಧಾನ ಆಯ್ತದೆ. ದಂಡ ಬಾಕಿ ಮಡಗ್ಬಾರ್ದು ಅಂತ ಸಾಲ ಮಾಡಿ ತಂದೆ."

ಯಶೋದಮ್ಮನಿಗೆ ರೇಗಿತು. "ಆ ಸಾಲಾನ ಬಾಡಿಗೆಗೇ ಕೊಡಬಾರ್ದಿತ್ತಾ? ತಲೆ ಕೆಟ್ಟಿದ್ಯಾ ನಿಮಗೆ?"

ಚಿಕ್ಕಬೀರಮ್ಮ ಮುಂದೆ ಬಂದಳು. "ಮಗ್ಳು ಬ್ಯಾರೆ ಜಾತಿಯೋನ್ನ ಮದ್ವೆ ಆದ್ಲು ಅಂತ ಊರೋರು ದಂಡ ಆಕುದ್ರು ಕಣವ್ವ. ಕಟ್ಟೋದು ತಡ ಆಯ್ತು. ನೀರು-ಬೆಂಕಿ ನಿಲ್ಸುದ್ರು. ನಲ್ಲೀಲಿ ಬಿಂದ್ಗೆ ಇಡಂಗಿಲ್ಲ, ನಮಗ್ಯಾರೂ ಒಂದು ಕಡ್ಡಿ ಬೆಂಕಿ ಕೊಡಂಗಿಲ್ಲ. ಊರೇ ಬುಟ್ಟು ಬಂದೋ. ನೀವೂ ಅಂಗೇ ಮಾಡುದ್ರೆ ಇನ್ನೆಲ್ಲಿಗೋಗದು?"

ಯಶೋದಮ್ಮ ನಾಚಿಕೆಯಿಂದ ಕುಗ್ಗಿಹೋದಳು. ತಾನು ಬರೆದದ್ದು ಒಂದು ಪದ. ಅದು ಇವರನ್ನು ರಾತ್ರಿಯೆಲ್ಲ ನಿದ್ದೆಗೆಡಿಸಿತ್ತು.

"ಕರಿಯಯ್ಯನೋರೆ, ಮೊದಲು ಟವೆಲ್ಲು ಹೆಗಲಿಗೆ ಹಾಕ್ಕೊಳ್ಳಿ. ಈ ದುಡ್ಡು ತಂದಲ್ಲಿಗೇ ವಾಪಸ್ ಕೊಟ್ಟುಬಿಡಿ. ಬಾಡಿಗೆ ನನಗೆ ಬೇಕೇ ಬೇಕು, ಸ್ವಲ್ಪ ಸ್ವಲ್ಪಾನೇ ಕೊಡಿ. ದಂಡ ಗಿಂಡ ಏನೂ ಇಲ್ಲ."

ಇಬ್ಬರೂ ಕದಲಲಿಲ್ಲ. ಬಾಯಿಮಾತನ್ನು ನಂಬುವ ಕಾಲ ಅವರಿಗೆ ಎಂದೋ ಮುಗಿದಿತ್ತು. ಯಶೋದಮ್ಮ ಮಂಡಿ ಹಿಡಿದುಕೊಂಡು ಒಳಗೆ ಹೋದಳು. ಉರಿಯುತ್ತಿದ್ದ ಒಲೆಯನ್ನು ಆರಿಸಿದಳು. ಲೈಟರನ್ನು ಸಕ್ಕರೆ ಡಬ್ಬಿಯ ಹಿಂದೆ ತಳ್ಳಿ ಹೊರಗೆ ಬಂದಳು.

"ಚಿಕ್ಕಬೀರಮ್ಮ, ನನ್ನ ಒಲೆ ಆರಿಹೋಗಿದೆ. ನಿಮ್ಮನೇಲಿ ಬೆಂಕಿಪೊಟ್ಟಣ ಇದ್ರೆ ಕೊಡ್ತೀರಾ?"

ಚಿಕ್ಕಬೀರಮ್ಮ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಿಂಭಾಗಕ್ಕೆ ಓಡಿದಳು. ಕರಿಯಯ್ಯ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ.