ಭಾನುವಾರಕ್ಕೊಂದು ಹೊಸ ಪಿಚ್

ನಮ್ಮ ಹೇಥರ್‌ಬೆಕ್ ಊರಿನ ಹೆಂಗಸರ ಕ್ರಿಕೆಟ್ ತಂಡಕ್ಕೆ ಮೊದಲಿನಿಂದಲೂ ಒಂದೇ ತೊಂದರೆ. ಶನಿವಾರ ಗಂಡಸರು ಹೊಸ ಪಿಚ್‌ನಲ್ಲಿ ಆಡುತ್ತಾರೆ. ಭಾನುವಾರ ಹೆಂಗಸರು ಅದೇ ಪಿಚ್‌ನಲ್ಲಿ, ಗಂಡಸರ ಬೂಟಿನ ಮೊಳೆಗಳು ಕೆದಕಿ ಬಿಟ್ಟ ಗುಂಡಿಗಳ ನಡುವೆ ಆಡಬೇಕು. ಚೆಂಡು ಒಮ್ಮೆ ಪಾದದ ಹತ್ತಿರ ಉರುಳಿಕೊಂಡು ಹೋಗುತ್ತದೆ, ಇನ್ನೊಮ್ಮೆ ಗದ್ದಕ್ಕೆ ನೆಗೆಯುತ್ತದೆ. ಒಮ್ಮೆ ಕುದಿಸಿದ ಚಹಾಪುಡಿಗೇ ಮತ್ತೆ ಬಿಸಿನೀರು ಹೊಯ್ದು ಕೊಟ್ಟ ಹಾಗೆ. ಕುಡಿದವರೇ ಹೊರತು ಕೊಟ್ಟವರು ಅದರ ರುಚಿ ಯಾವತ್ತೂ ನೋಡಿರಲಿಲ್ಲ.

ಈ ಪಿಚ್‌ಗಳನ್ನು ಮಾಡುವವನು ನನ್ನ ತಮ್ಮ ಕ್ಲಿಫರ್ಡ್. ಮೂವತ್ತೊಂದು ವರ್ಷದಿಂದ ಊರಿನ ಮೈದಾನ ಅವನ ಕೈಯಲ್ಲಿದೆ. ಹುಲ್ಲು, ಮಣ್ಣು, ರೋಲರ್ ವಿಷಯದಲ್ಲಿ ಅವನ ಮಾತೇ ವೇದವಾಕ್ಯ. ಕೆಟ್ಟವನಲ್ಲ, ಹಟಮಾರಿ. ನಾನು ಅವನ ಅಕ್ಕ ಥೆಲ್ಮಾ. ನನಗೆ ಎಪ್ಪತ್ತೆರಡು. ಹೆಂಗಸರ ತಂಡದ ಸ್ಕೋರು ಬರೆಯುವುದು ನನ್ನ ಕೆಲಸ.

ಕ್ಲಿಫರ್ಡನ ಮಗಳ ಹೆಸರು ಬ್ರಯನಿ, ವಯಸ್ಸು ಇಪ್ಪತ್ತಮೂರು. ಪೇಟೆಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸ, ಬಂದವರ ಹೆಸರು ಬರೆದುಕೊಂಡು ಕೂರಿಸುವುದು. ಭಾನುವಾರ ನಮ್ಮ ತಂಡಕ್ಕೆ ಎಡಗೈ ಸ್ಪಿನ್ ಬೌಲಿಂಗ್ ಮಾಡುತ್ತಾಳೆ. ಹೋದ ವರ್ಷ ಆಗಸ್ಟ್ ತಿಂಗಳ ಒಂದು ಸೋಮವಾರ ಅವಳಿಗೆ ಕಾಗದ ಬಂತು. ನಮ್ಮ ಜಿಲ್ಲೆಯ ಕೌಂಟಿ ಕ್ಲಬ್ ಮೊದಲ ಬಾರಿಗೆ ಹೆಂಗಸರ ವೃತ್ತಿಪರ ತಂಡ ಕಟ್ಟುತ್ತಿದೆ, ಹದಿನೈದು ಜನರಲ್ಲಿ ನೀನೂ ಒಬ್ಬಳು, ಎರಡು ವರ್ಷದ ಒಪ್ಪಂದ, ಮುಂದಿನ ಸೋಮವಾರದೊಳಗೆ ಉತ್ತರ ಕೊಡು ಎಂದು ಬರೆದಿತ್ತು.

ಮಾರನೆಯ ಸಂಜೆ ಅವರ ಮನೆಯಲ್ಲೇ ನನ್ನ ಊಟ. ಕ್ಲಿಫರ್ಡನ ಹೆಂಡತಿ ಗ್ಲೆಂಡಾ ಮಾಂಸದ ಪೈ ಮಾಡಿ ಬಟಾಣಿ ಬೇಯಿಸಿದ್ದಳು. ಕಾಗದ ಮೇಜಿನ ಮೇಲೆ ಉಪ್ಪಿನ ಡಬ್ಬಿಗೆ ಒರಗಿ ನಿಂತಿತ್ತು.

"ಇರೋ ಕೆಲಸ ಬಿಡಬೇಡ," ಅಂದ ಕ್ಲಿಫರ್ಡ್. "ಹಲ್ಲು ಎಲ್ಲರ ಬಾಯಲ್ಲೂ ಹುಳುಕಾಗುತ್ತೆ. ಆ ಕೆಲಸಕ್ಕೆ ಸಾವಿಲ್ಲ. ಕ್ರಿಕೆಟ್ಟು ಭಾನುವಾರಕ್ಕೆ ಇರ್ಲಿ."

"ಸಂಬಳ ಅಂತ ಬರ್ದಿದಾರಲ್ಲ ಕ್ಲಿಫ್," ಅಂದಳು ಗ್ಲೆಂಡಾ.

"ಬರ್ಯೋಕೇನಂತೆ. ಮಳೆ ಬಂದ ದಿನ?"

"ಮಳೆ ಬಂದ್ರೂ ಸಂಬಳ," ಅಂದೆ ನಾನು. "ಮಳೇಲಿ ಕೊಡಲ್ಲ ಅಂದ್ರೆ ನಮ್ಮ ಕೌಂಟೀಲಿ ಗಂಡಸ್ರೂ ಉಪವಾಸ ಬೀಳ್ತಿದ್ರು."

"ಚಳಿಗಾಲದಲ್ಲಿ ಆಟ ಎಲ್ಲಿರುತ್ತೆ?"

"ಆಟ ಇರಲ್ಲ, ಅಭ್ಯಾಸ ಇರುತ್ತೆ. ಹನ್ನೆರಡು ತಿಂಗಳೂ ಕೊಡ್ತಾರೆ."

"ಬೆರಳು ಮುರ್ಕೊಂಡ್ರೆ?"

"ಕ್ಲಬ್ಬೇ ಡಾಕ್ಟ್ರಿಗೆ ತೋರ್ಸುತ್ತೆ. ವಾಸಿ ಆಗೋ ತನಕ ಸಂಬಳ ನಿಲ್ಲಲ್ಲ. ನಾಲ್ಕನೇ ಪುಟದಲ್ಲಿದೆ. ಕನ್ನಡಕ ಹಾಕ್ಕೊಂಡು ಓದು."

ಅವನು ಕನ್ನಡಕ ಹಾಕಿಕೊಳ್ಳಲಿಲ್ಲ. "ಎರಡು ವರ್ಷ ಆದ್ಮೇಲೆ?" ಅಂದ.

"ಅದಕ್ಕೆ ಖಾತ್ರಿ ಇಲ್ಲ. ಸುಳ್ಳು ಯಾಕೆ ಹೇಳ್ಲಿ, ಗಂಡಸ್ರಿಗೂ ಇಲ್ಲ. ಆದ್ರೆ ಅಷ್ಟರಲ್ಲಿ ಕೋಚ್ ಆಗೋ ತರಬೇತಿ ಕೊಡ್ಸಿರ್ತಾರೆ. ಬರಿಗೈಲಿ ಬರಲ್ಲ."

"ನಿನ್ನ ಪಾಡು ನಾನು ಕಣ್ಣಾರೆ ನೋಡಿದೀನಿ ಥೆಲ್ಮಾ," ಅಂದ. ಹಾಗೆ ಅಂದಾಗ ಅವನ ದನಿ ಮೆತ್ತಗಾಗಿತ್ತು.

ಅವನು ಹೇಳಿದ್ದು ಸುಳ್ಳಲ್ಲ. ನಾನೂ ಕೌಂಟಿಗೆ ಆಡಿದವಳೇ. ಆಗ ನಮ್ಮ ಕೋಟು ನಾವೇ ಹೊಲಿಸಿಕೊಳ್ಳಬೇಕು, ಬಸ್ಸಿನ ಚೀಟಿ ನಾವೇ ತೆಗೆಸಬೇಕು. ಹತ್ತು ದಿನ ಆಡಲು ಹೋದೆ ಅಂತ ಉಣ್ಣೆ ಗಿರಣಿಯಲ್ಲಿ ನನ್ನ ಮಗ್ಗವನ್ನು ಬೇರೆಯವಳಿಗೆ ಕೊಟ್ಟರು. ಆವತ್ತು ನಾನು ಅಳುತ್ತಾ ಮನೆಗೆ ಬಂದಾಗ ಬಾಗಿಲು ತೆಗೆದವನು ಈ ಕ್ಲಿಫರ್ಡೇ. ಅವನಿಗೆ ಹದಿನಾರು ವರ್ಷ.

"ಅದಕ್ಕೇ ಹೇಳ್ತಿರೋದು," ಅಂದೆ. "ನನ್ನ ಹತ್ರ ಇಂಥ ಕಾಗದ ಇರ್ಲಿಲ್ಲ. ಇದ್ದಿದ್ರೆ ಗಿರಣಿಯವನ ಮುಂದೆ ಕಣ್ಣೀರು ಹಾಕ್ತಿದ್ನಾ?"

ಕ್ಲಿಫರ್ಡ್ ಸ್ವಲ್ಪ ಹೊತ್ತು ಬಟಾಣಿಯನ್ನು ತಟ್ಟೆಯ ಸುತ್ತ ಓಡಾಡಿಸಿದ. ಆಮೇಲೆ ಮನಸ್ಸಿನಲ್ಲಿದ್ದದ್ದು ಹೊರಗೆ ಬಂತು.

"ಸಂಬಳದ ಮಾತು ಬಿಡಿ. ಇಷ್ಟು ದಿನ ಬಾಯಿ ಬಿಟ್ಟಿರ್ಲಿಲ್ಲ, ಈಗ ಹೇಳ್ತೀನಿ. ಈ ವರ್ಷ ಇವಳು ತೆಗೆದ ನಲವತ್ತು ವಿಕೆಟ್ಟು ಇವಳದ್ದಲ್ಲ. ನನ್ನ ಪಿಚ್ಚಿಂದು. ಸವೆದ ಪಿಚ್ಚಲ್ಲಿ ಯಾರು ಹಾಕಿದ್ರೂ ಚೆಂಡು ತಿರುಗುತ್ತೆ, ನಮ್ಮಜ್ಜಿ ಹಾಕಿದ್ರೂ ತಿರುಗುತ್ತೆ. ಕೌಂಟಿ ಮೈದಾನದ ಪಿಚ್ಚು ಮೇಜಿನ ಹಾಗಿರುತ್ತೆ. ಅಲ್ಲಿ ಇವಳನ್ನ ಬಟ್ಟೆ ಒಗೆದ ಹಾಗೆ ಒಗೀತಾರೆ. ಊರವ್ರೆಲ್ಲ ನೋಡ್ತಾರೆ. ನನ್ನ ಮಗಳಿಗೆ ಆ ಅವಮಾನ ಬೇಡ."

ಬ್ರಯನಿ ಎದ್ದು ತಟ್ಟೆ ತೊಳೆದಿಟ್ಟು ಮೇಲೆ ಹೋದಳು. ಬೇರೆ ಯಾರಾದರೂ ಹೇಳಿದ್ದರೆ ಜಗಳ ಆಡುತ್ತಿದ್ದಳು. ಪಿಚ್ ವಿಷಯದಲ್ಲಿ ಅಪ್ಪ ಹೇಳಿದ್ದು ಆ ಹುಡುಗಿಗೆ ಅನುಮಾನವಿಲ್ಲದ ಮಾತು. ಬುಧವಾರ ನಮ್ಮ ಮನೆಗೆ ಬಂದು ಫೋನು ತೋರಿಸಿದಳು. ಒಪ್ಪಂದ ಬೇಡ, ಕ್ಷಮಿಸಿ ಎಂದು ಬರೆದಿದ್ದಳು. ಇನ್ನೂ ಕಳಿಸಿರಲಿಲ್ಲ.

"ಅಪ್ಪ ಹೇಳಿದ್ದು ನಿಜ ಇದ್ರೆ, ಅತ್ತೆ?" ಅಂದಳು.

"ಇರಬಹುದು. ನಂಗೂ ಗೊತ್ತಿಲ್ಲ. ಭಾನುವಾರದ ತನಕ ಕಳಿಸ್ಬೇಡ."

ನನಗೆ ಸಿಟ್ಟು ಬಂದಿತ್ತು. ಕೋಟು ಹಾಕಿಕೊಂಡು ನೇರ ಮೈದಾನಕ್ಕೆ ಹೋದೆ. ಕ್ಲಿಫರ್ಡ್ ರೋಲರ್ ನಿಲ್ಲಿಸಿ ಶೆಡ್ಡಿನ ಬೀಗದ ಕೈಯನ್ನು ಪಿಚ್‌ಗೆ ಒತ್ತುತ್ತಿದ್ದ. ಅದು ಅವನ ಪರೀಕ್ಷೆ. ಬೀಗದ ಕೈ ಒಳಗಿಳಿದರೆ ಪಿಚ್ ಇನ್ನೂ ಹಸಿ, ಇಳಿಯದಿದ್ದರೆ ಸಿದ್ಧ.

"ಇದು ಶನಿವಾರದ್ದಾ?" ಅಂದೆ.

"ಹೌದು. ಹತ್ತು ದಿನ ರೋಲರ್ ಹೊಡ್ದಿದೀನಿ. ಈ ವರ್ಷ ಇಂಥದ್ದು ಇನ್ನೊಂದಿಲ್ಲ."

"ಭಾನುವಾರಕ್ಕೆ ಕೊಡು."

ಅವನು ನನ್ನನ್ನು ಹುಚ್ಚಿಯ ಹಾಗೆ ನೋಡಿದ. "ಶನಿವಾರ ಗಂಡಸ್ರು ಎಲ್ಲಾಡ್ತಾರೆ?"

"ಹೋದ ವಾರದ ಪಿಚ್ಚಲ್ಲಿ. ಹೆಂಗಸ್ರು ಆಡಲ್ವಾ?"

"ಹಾಗೆಲ್ಲ ಮಾಡೋಕಾಗಲ್ಲ. ಮೊದಲಿಂದ ಬಂದ ಪದ್ಧತಿ."

"ಪದ್ಧತಿ ಮಾಡಿದ್ಯಾರು? ನೀನೇ. ನಿನ್ನ ಮಗಳಿಗೆ ಒಳ್ಳೆ ಪಿಚ್ಚಲ್ಲಿ ಆಡೋಕೆ ಬರಲ್ಲ ಅಂತೀಯ. ಒಳ್ಳೆ ಪಿಚ್ಚು ಕೊಟ್ಟು ನೋಡಿದೀಯಾ? ಕೊಡದೇನೇ ಹಾಗಂದ್ರೆ ಅದು ತೀರ್ಮಾನ ಅಲ್ಲ, ಬರೀ ಊಹೆ. ಅವಳು ಒದೆ ತಿಂದ್ರೆ ನಾನೇ ಅವಳ ಕೈಲಿ ಬೇಡ ಅಂತ ಬರೆಸ್ತೀನಿ."

ಅವನು ಬೀಗದ ಕೈ ಒರೆಸಿ ಜೇಬಿಗೆ ಹಾಕಿಕೊಂಡು ರೋಲರ್ ಹತ್ತಿದ.

ಶನಿವಾರ ಬೆಳಿಗ್ಗೆ ಗಂಡಸರ ತಂಡದ ನಾಯಕ ಡೆರೆಕ್ ಹೋಲ್ರಾಯ್ಡ್ ಮೈದಾನಕ್ಕೆ ಬಂದಾಗ, ಹೊಸ ಪಿಚ್ ಸುತ್ತ ಹಗ್ಗ ಕಟ್ಟಿತ್ತು. ವಿಕೆಟ್ಟುಗಳು ಹೋದ ವಾರದ ಪಿಚ್‌ನಲ್ಲಿ ನಿಂತಿದ್ದವು.

"ಏನಿದು ಕ್ಲಿಫ್, ತಮಾಷೇನಾ?"

"ಅದನ್ನ ನಾಳೆಗೆ ಇಟ್ಟಿದೀನಿ."

"ನಾಳೆ ಹೆಂಗಸ್ರ ಆಟ ತಾನೆ?"

"ನಂಗೊತ್ತು ಇವ್ರೇ," ಅಂದ ಕ್ಲಿಫರ್ಡ್. "ಕ್ಯಾಲೆಂಡರ್ ನಮ್ಮನೇಲೂ ಇದೆ."

ಆವತ್ತು ನಮ್ಮೂರ ಗಂಡಸರು ಎಂಬತ್ತನಾಲ್ಕು ರನ್ನಿಗೆ ಗಂಟು ಮೂಟೆ ಕಟ್ಟಿದರು. ಇಬ್ಬರ ಕಾಲಬುಡಕ್ಕೆ ಚೆಂಡು ತೆವಳಿತು, ಒಬ್ಬನ ಬೆರಳು ಜಜ್ಜಿಹೋಯಿತು. ಡೆರೆಕ್ ಬ್ಯಾಟು ಎಳೆದುಕೊಂಡು ನಮ್ಮ ಮುಂದೆಯೇ ಬಂದ. ಗ್ಲೆಂಡಾ ಮತ್ತು ನಾನು ಚಹಾದ ಜೊತೆಗೆ ಸ್ಯಾಂಡ್‌ವಿಚ್ ಮಾಡುತ್ತಿದ್ದೆವು.

"ಇಂಥ ಪಿಚ್ಚಲ್ಲಿ ಯಾರ್ರೀ ಆಡ್ತಾರೆ?" ಅಂದ.

"ನಾವು," ಅಂದಳು ಗ್ಲೆಂಡಾ. "ಮೊಟ್ಟೆದು ಬೇಕೋ, ಸೌತೆಕಾಯಿದು ಬೇಕೋ?"

ಅವನು ಸೌತೆಕಾಯಿದು ತಗೊಂಡು ಹೋಗಿ ಕೂತ.

ಭಾನುವಾರ ಪಕ್ಕದ ಕಣಿವೆಯ ತಂಡ ಬಂತು. ಲೀಗಿನಲ್ಲೇ ಗಟ್ಟಿ ತಂಡ ಅದು. ಪಿಚ್ ನೋಡಿ ಅವರ ನಾಯಕಿ, "ಇಂಥದ್ದು ನಮಗೆ ಎಲ್ಲೂ ಸಿಕ್ಕಿಲ್ಲ," ಅಂದಳು. ಅವರೇ ಮೊದಲು ಬ್ಯಾಟು ಹಿಡಿದು ನಮ್ಮ ವೇಗದ ಬೌಲರ್‌ಗಳನ್ನು ಚೆನ್ನಾಗಿ ಹೊಡೆದರು. ಕ್ಲಿಫರ್ಡ್ ರೋಲರ್ ಪಕ್ಕದಲ್ಲಿ ನಿಂತಿದ್ದ. ಆ ಮೂವತ್ತೊಂದು ವರ್ಷದಲ್ಲಿ ಅವನು ಹೆಂಗಸರ ಆಟವನ್ನು ಮೊದಲಿಂದ ಕೊನೆವರೆಗೆ ನಿಂತು ನೋಡಿದ್ದು ಅದೇ ಮೊದಲು. ಭಾನುವಾರ ಅವನಿಗೆ ಬೇಲಿ ಕತ್ತರಿಸುವ ದಿನ.

ಹನ್ನೆರಡನೇ ಓವರಿಗೆ ಬ್ರಯನಿ ಕೈಗೆ ಚೆಂಡು ಬಂತು. ಅವಳ ಮುಖ ಬಿಳುಚಿತ್ತು. ಪಿಚ್‌ನಲ್ಲಿ ಗುಂಡಿ ಇಲ್ಲ, ಬಿರುಕು ಇಲ್ಲ. ಮೊದಲ ಎರಡು ಚೆಂಡಿಗೂ ಬೌಂಡರಿ ಬಿತ್ತು. ನಾನು ಸ್ಕೋರ್ ಪುಸ್ತಕದಲ್ಲಿ ನಾಲ್ಕು, ನಾಲ್ಕು ಎಂದು ಬರೆದೆ. ಆ ಕಡೆ ನೋಡಬಾರದು ಅಂದುಕೊಂಡೂ ತಮ್ಮನ ಕಡೆ ನೋಡಿದೆ. ಅವನು ಬೂಟು ನೋಡಿಕೊಳ್ಳುತ್ತಿದ್ದ.

ಮೂರನೇ ಚೆಂಡನ್ನು ಅವಳು ನಿಧಾನಕ್ಕೆ ಹಾಕಿದಳು. ಅದು ಗಾಳಿಯಲ್ಲೇ ತೇಲಿ, ಹೊಡೆಯಲು ಮುಂದೆ ಬಂದವಳ ಕೈಗೆ ಸಿಗದ ಹಾಗೆ ಸ್ವಲ್ಪ ಮೊದಲೇ ಇಳಿಯಿತು. ಪಿಚ್ ಏನೂ ಸಹಾಯ ಮಾಡಲಿಲ್ಲ, ಚೆಂಡು ತಿರುಗಿದ್ದು ಎರಡು ಬೆರಳಷ್ಟು. ಆದರೆ ಅಷ್ಟರಲ್ಲಿ ಬ್ಯಾಟು ಬೀಸಿ ಆಗಿತ್ತು. ಹಿಂದಿದ್ದ ವಿಕೆಟ್ ಕೀಪರ್ ಚೆಂಡು ಹಿಡಿದು ಬೇಲ್ಸ್ ಹಾರಿಸಿದಳು, ಸ್ಟಂಪ್ ಔಟ್. ಕ್ಲಿಫರ್ಡ್ ತಲೆ ಎತ್ತಿದ.

ಆಮೇಲೆ ಯಾರೂ ಅವಳಿಗೆ ಬೌಂಡರಿ ಹೊಡೆಯಲಿಲ್ಲ. ಎಂಟು ಓವರ್, ಇಪ್ಪತ್ತೊಂದು ರನ್, ಎರಡು ವಿಕೆಟ್. ದೊಡ್ಡ ಸುದ್ದಿಯಲ್ಲ. ಸವೆದ ಪಿಚ್‌ನಲ್ಲಿ ಇದರ ಎರಡರಷ್ಟು ವಿಕೆಟ್ ತೆಗೆದಿದ್ದಾಳೆ. ಆದರೆ ಆವತ್ತಿನದು ಪೂರ್ತಿ ಅವಳದ್ದೇ.

ಅವರದು ನೂರ ತೊಂಬತ್ತು ಆಯಿತು. ನಮ್ಮ ಹುಡುಗಿಯರು ಯಾವ ವರ್ಷವೂ ನೂರಿಪ್ಪತ್ತು ದಾಟಿದವರಲ್ಲ. ಆವತ್ತು ಅಂಚೆ ಹಂಚುವ ಹುಡುಗಿ ಐವತ್ತು ಹೊಡೆದಳು, ಶಾಲೆಯ ಅಡುಗೆಯಾಕೆ ನಲವತ್ತು. ಚೆಂಡು ಸಮನಾಗಿ ಎದ್ದು ಬ್ಯಾಟಿಗೆ ಬರುತ್ತಿತ್ತು, ಅವರು ಹೊಡೆಯುತ್ತಿದ್ದರು. ನೂರ ಎಂಬತ್ತೊಂದಕ್ಕೆ ಆಟ ಮುಗಿಯಿತು. ಸೋತೆವು. ನನ್ನ ಜೀವಮಾನದಲ್ಲಿ ಒಂದು ಸೋಲಿಗೆ ನಾನು ಇಷ್ಟು ಖುಷಿಪಟ್ಟದ್ದಿಲ್ಲ.

ಸಂಜೆ ಕ್ಲಿಫರ್ಡ್ ನನ್ನ ಪಕ್ಕದ ಬೆಂಚಿನಲ್ಲಿ ಬಂದು ಕೂತ. ಪುಸ್ತಕ ಕೇಳಿ ತಗೊಂಡ. ಈ ಸಲ ಕನ್ನಡಕ ಹಾಕಿಕೊಂಡ.

"ಇವ್ರಿಗೆ ಹೊಡ್ಯೋಕೆ ಬರಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೀನಿ ಥೆಲ್ಮಾ," ಅಂದ. "ಹೊಡ್ಯೋ ಹಾಗೆ ನಾನು ಒಂದಿನಾನೂ ಕೊಟ್ಟಿರ್ಲಿಲ್ಲ. ತಪ್ಪು ನಂದು."

ಮೂವತ್ತೊಂದು ವರ್ಷ ಕಳೆದಿತ್ತು. ಅದನ್ನು ಅವನಿಗೆ ಎತ್ತಿ ಹೇಳಬೇಕು ಅನ್ನಿಸಿತು. ಆದರೆ ತಪ್ಪು ಒಪ್ಪಿಕೊಂಡವನನ್ನು ಮತ್ತೆ ಗುದ್ದಬಾರದು.

ಮನೆಯಲ್ಲಿ ಬ್ರಯನಿ ಬ್ರೆಡ್ಡಿಗೆ ಜಾಮ್ ಹಚ್ಚಿಕೊಂಡು ತಿನ್ನುತ್ತಾ ಅಪ್ಪನ ಮುಖ ನೋಡಿದಳು.

"ಮೂರನೇ ಚೆಂಡು," ಅಂದ ಕ್ಲಿಫರ್ಡ್. "ಅದಕ್ಕೆ ನನ್ನ ಪಿಚ್ಚು ಏನೂ ಮಾಡ್ಲಿಲ್ಲ. ಅದು ನಿಂದೇ ಮಗಳೇ."

ಅವಳು ಫೋನು ತೆಗೆದು ಬುಧವಾರ ಬರೆದದ್ದನ್ನು ಅಳಿಸಿದಳು. ಆಮೇಲೆ ಒಪ್ಪಂದದ ಕಾಗದ ಎಳೆದುಕೊಂಡಳು.

"ಮೊದ್ಲು ಕೈ ತೊಳ್ಕೊಂಡು ಬಾ," ಅಂದ ಅವಳಪ್ಪ. "ಕೌಂಟಿಯವ್ರಿಗೆ ಜಾಮ್ ಮೆತ್ತಿದ ಕಾಗದ ಕಳಿಸ್ತೀಯಾ?"

ಈ ವರ್ಷ ಮೇ ತಿಂಗಳಲ್ಲಿ ಕೌಂಟಿ ಮೈದಾನದಲ್ಲಿ ಹೆಂಗಸರ ತಂಡದ ಮೊದಲ ಪಂದ್ಯ ನಡೆಯಿತು. ಕ್ಲಿಫರ್ಡ್, ಗ್ಲೆಂಡಾ, ನಾನು ಮೂವರೂ ಹೋಗಿದ್ದೆವು. ನಾನು ಕೌಂಟಿಗೆ ಆಡುವಾಗಿನ ನನ್ನ ಹಳೇ ಕೋಟು ಹಾಕಿಕೊಂಡಿದ್ದೆ. ಬಿಗಿಯಾಗಿ ಗುಂಡಿ ಹಾಕಲು ಆಗಲಿಲ್ಲ, ತೆರೆದೇ ಬಿಟ್ಟೆ. ಊಟದ ಹೊತ್ತಿನಲ್ಲಿ ಅಲ್ಲಿ ಜನರನ್ನು ಮೈದಾನದೊಳಗೆ ಅಡ್ಡಾಡಲು ಬಿಡುತ್ತಾರೆ, ಪಿಚ್ ಸುತ್ತ ಮಾತ್ರ ಹಗ್ಗ. ಎಲ್ಲರೂ ಐಸ್‌ಕ್ರೀಮಿಗೆ ಹೋದರೆ ಕ್ಲಿಫರ್ಡ್ ಹಗ್ಗದ ತನಕ ಹೋಗಿ ಬಗ್ಗಿ ನಿಂತ. ಹುಲ್ಲಿನ ಬಣ್ಣ ನೋಡಿದ, ಹಿಂದಿನ ಆಟದಲ್ಲಿ ಕೆದಕಿದ ಗುರುತು ಇದೆಯೇ ಎಂದು ಎರಡೂ ಕೊನೆ ನೋಡಿದ. ಜೇಬಿನಲ್ಲಿ ಅವನ ಕೈ ಬೀಗದ ಕೈಯನ್ನು ಹಿಡಿದುಕೊಂಡಿತ್ತು. ವಾಪಸು ಬಂದು ನನ್ನ ಪಕ್ಕ ಕೂತ.

"ಹೊಸದು," ಅಂದ.

ಅಷ್ಟು ಕೇಳಿ ನನಗೆ ಕಣ್ಣು ತುಂಬಿ ಬಂತು. ಗಾಳಿಗೆ ಅಂತ ಹೇಳಿದೆ.

ಈ ಕಥೆ ಕೇಳುತ್ತಿರುವವರಿಗೆ ನನ್ನದೊಂದು ಮಾತು. ನಿಮ್ಮ ಕೌಂಟಿಯಲ್ಲೂ ಹೆಂಗಸರ ತಂಡ ಆಡುತ್ತಿದ್ದರೆ ಒಂದು ದಿನ ಹೋಗಿ ನೋಡಿ, ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ. ಮಗಳಿಗೆ ಇಂಥ ಕಾಗದ ಬಂದರೆ ಬೇಡ ಅನ್ನುವ ಮೊದಲು ಪೂರ್ತಿ ಓದಿ, ಮಳೆಯ ದಿನದ ಸಂಬಳ, ಪೆಟ್ಟಾದಾಗಿನ ಆರೈಕೆ, ಮುಂದಿನ ತರಬೇತಿ ಎಲ್ಲ ಕೇಳಿ ತಿಳಿದುಕೊಳ್ಳಿ. ಮತ್ತೆ ಈ ಶನಿವಾರ, ಭಾನುವಾರ ನಿಮ್ಮೂರ ಮೈದಾನದ ಕಡೆ ಹೆಜ್ಜೆ ಹಾಕಿ. ಹುಡುಗಿಯರಿಗೆ ಆಡಲು ಬರುತ್ತದೋ ಇಲ್ಲವೋ ಅನ್ನುವುದು ಆಮೇಲೆ. ಅವರನ್ನು ಯಾವ ಪಿಚ್‌ನಲ್ಲಿ ನಿಲ್ಲಿಸಿದ್ದೀರಿ, ಅದನ್ನು ಮೊದಲು ನೋಡಿ.