ಡೋರ್ಟೆಯ ಕೂದಲು

"ಡೋರ್ಟೆಗೆ ಯಾವ ಸೂಪು ಇಷ್ಟ?"

"ಬಟಾಣಿದು."

"ಅವಳ ನಾಯಿ ಹೆಸರು?"

"ನಾಯಿ ಸತ್ತುಹೋಯ್ತು. ಈಗ ಇರೋದು ಬೆಕ್ಕು. ಅದರ ಹೆಸರು... ಆ ಬೆಕ್ಕಿನ ಹೆಸರು ಕಟ್ಕೊಂಡು ನನಗೇನಾಗ್ಬೇಕು, ತೊತುಯಾ ಅಕ್ಕ?"

"ವೀಸಾ ಆಗ್ಬೇಕು," ಎಂದಳು ತೊತುಯಾ. ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಅಂಗೈಗೆ ಉಗಿದುಕೊಂಡು, "ಹೇಳು, ಬೆಕ್ಕಿನ ಹೆಸರು?" ಎಂದು ಮತ್ತೆ ಪಟ್ಟುಹಿಡಿದಳು.

ಬಿಷ್ಕೆಕ್‌ನ ಓಷ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ತೊತುಯಾಳ ಕೂದಲು ಕತ್ತರಿಸುವ ಅಂಗಡಿ. ಎರಡು ಕುರ್ಚಿ, ಎರಡು ಕನ್ನಡಿ. ಒಂದು ಕುರ್ಚಿ ತೊತುಯಾಳದು, ಇನ್ನೊಂದು ಮವ್ಜೂದಾಳದು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಈಚೆಗೆ ಇದೇ ಪಾಠ ನಡೆಯುತ್ತಿತ್ತು. ಮವ್ಜೂದಾಳಿಗೆ ಯಾರ ಮುಖ ಕಂಡರೆ ಮೈ ಉರಿಯುತ್ತಿತ್ತೋ ಅವಳ ಊಟ ತಿಂಡಿ, ಹುಟ್ಟುಹಬ್ಬ, ಬೆಕ್ಕು, ಎಲ್ಲವನ್ನೂ ಬಾಯಿಪಾಠ ಮಾಡಬೇಕಾಗಿತ್ತು. ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನು ಬೇಕು?

ಮವ್ಜೂದಾ ಹೋಗಬೇಕಾಗಿದ್ದದ್ದು ವೀಬ್ಕೆಯ ಹತ್ತಿರ. ಜರ್ಮನಿಯ ಲೈಪ್‌ಜಿಗ್‌ನಿಂದ ಬೆಟ್ಟ ನೋಡಲು ಬಂದ ವೀಬ್ಕೆ, ಉಣ್ಣೆಯ ಕೆಲಸ ಕಲಿಯುತ್ತೇನೆಂದು ಮೂರು ಚಳಿಗಾಲ ಬಿಷ್ಕೆಕ್‌ನಲ್ಲೇ ಉಳಿದಿದ್ದಳು. ಉಣ್ಣೆ ಜನರಿಗೆ ಹೇಳುವ ನೆಪ, ಉಳಿದದ್ದು ಮವ್ಜೂದಾಳಿಗಾಗಿ. ಕಳೆದ ಶರತ್ಕಾಲದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತೆಂದು ಊರಿಗೆ ಓಡಿದ ವೀಬ್ಕೆ ಅಲ್ಲೇ ಸಿಕ್ಕಿಕೊಂಡಳು. ಸರಿ, ನೀನೇ ಬಂದು ಹೋಗು, ಎಂದಳು. ಆದರೆ ಪರದೇಶದವಳನ್ನು ಕರೆಸಿಕೊಳ್ಳಬೇಕಾದರೆ ಖಾಯಂ ಸಂಬಳದವರೊಬ್ಬರು ಅವಳ ಖರ್ಚಿನ ಹೊಣೆ ಹೊತ್ತು ಸಹಿ ಹಾಕಬೇಕಂತೆ. ಉಣ್ಣೆ ಟೋಪಿ ಮಾರುವ ವೀಬ್ಕೆಗೆ ಎಲ್ಲಿಯ ಖಾಯಂ ಸಂಬಳ? ಹಾಗಾಗಿ ಸಹಿ ಹಾಕಿದವಳು ಡೋರ್ಟೆ.

ಡೋರ್ಟೆ ಹಲ್ಲಿನ ಡಾಕ್ಟರು. ವೀಬ್ಕೆಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಮವ್ಜೂದಾಳಿಗಿಂತ ಮುಂಚೆ ವೀಬ್ಕೆಯ ಜೊತೆ ಬಾಳುತ್ತಿದ್ದವಳು ಅವಳೇ. ಬೆಟ್ಟ ನೋಡಲು ಇಬ್ಬರೂ ಜೋಡಿಯಾಗಿ ಬಂದಿದ್ದರು. ಡೋರ್ಟೆ ಒಬ್ಬಳೇ ವಾಪಸು ಹೋಗಿದ್ದಳು. ಈಗ ವೀಬ್ಕೆ ಇರುವುದೂ ಡೋರ್ಟೆಯ ಮನೆಯ ಇನ್ನೊಂದು ಕೋಣೆಯಲ್ಲಿ. "ಬಾಡಿಗೆ ಕಮ್ಮಿ, ಅಷ್ಟೇ," ಎನ್ನುತ್ತಿದ್ದಳು ವೀಬ್ಕೆ. ಅಷ್ಟೇ ಎಂಬ ಮಾತು ಕೇಳಿದಾಗಲೆಲ್ಲ ಮವ್ಜೂದಾ ಫೋನನ್ನು ಕುಕ್ಕಿ ಇಡುತ್ತಿದ್ದಳು.

ಪ್ರೀತಿಸಿದವಳ ಹತ್ತಿರ ಹೋಗುತ್ತೇನೆಂದು ವೀಸಾ ಕೊಡುವ ದೂತಾವಾಸದವರಿಗೆ ಹೇಳುವ ಹಾಗಿರಲಿಲ್ಲ. ಹೇಳಿದರೆ, ಇವಳು ಹೋದವಳು ತಿರುಗಿ ಬರುವುದಿಲ್ಲ ಎಂದು ಅವರೇ ತೀರ್ಮಾನಿಸಿ ಅರ್ಜಿಯನ್ನು ಪಕ್ಕಕ್ಕೆಸೆಯುತ್ತಾರೆ. ಅದೂ ಅಲ್ಲದೆ ಅಲ್ಲಿ ಕೆಲಸ ಮಾಡುವ ಹೆಂಗಸರು ಯಾರದೋ ಅತ್ತಿಗೆ, ಯಾರದೋ ನಾದಿನಿ. ದೂರದ ಓಷ್ ಊರಿನಲ್ಲಿರುವ ಅಣ್ಣನ ಕಿವಿಗೆ ಸುದ್ದಿ ಮುಟ್ಟಲು ಒಂದು ಸಂಜೆ ಸಾಕು. ಆದ್ದರಿಂದ ಮವ್ಜೂದಾ ಹೊರಟಿರುವುದು ಗೆಳತಿ ಡೋರ್ಟೆಯ ಮನೆಗೆ, ಉಳಿಯುವುದು ಡೋರ್ಟೆಯ ಅತಿಥಿಯಾಗಿ. ಕಾಗದಗಳಲ್ಲಿ ಎಲ್ಲಿ ಹುಡುಕಿದರೂ ವೀಬ್ಕೆಯ ಹೆಸರಿಲ್ಲ. ಅಪ್ಪ ಅಮ್ಮ ನೋಡಿ ಕೊಟ್ಟ ಗಂಡನನ್ನೇ ಬಿಟ್ಟು ಬಂದ ಗಟ್ಟಿಗಿತ್ತಿ ಈ ಸುಳ್ಳಿನ ಮುಂದೆ ಹಲ್ಲು ಕಚ್ಚಿಕೊಂಡು ಕುಳಿತಿದ್ದಳು.

ಫೋನಿನಲ್ಲಿ ಪಾಠ ಹೇಳುವವಳು ಸ್ವತಃ ಡೋರ್ಟೆ. ಹುಡುಗಿಯಾಗಿದ್ದಾಗ ಶಾಲೆಯಲ್ಲಿ ಕಲಿತ ರಷ್ಯನ್ ಇನ್ನೂ ಅಷ್ಟಿಷ್ಟು ಉಳಿದಿತ್ತು.

"ನೀವು ಅನ್ಬೇಡ. ನೀನು ಅನ್ನು. ಗೆಳತಿಯರು ನೀನು ಅಂತಾರೆ."

"ಆಯ್ತು, ನೀನು," ಎಂದಳು ಮವ್ಜೂದಾ, ಕಹಿ ಗುಳಿಗೆ ನುಂಗಿದವಳ ಹಾಗೆ. ಅವಳ ಕಣ್ಣು ಇದ್ದದ್ದು ಪರದೆಯಲ್ಲಿ ಡೋರ್ಟೆಯ ಪಕ್ಕ ಕುಳಿತಿದ್ದ ವೀಬ್ಕೆಯ ಮೇಲೆ. "ವೀಬ್ಕೆ, ನೀನು ಹಾಕ್ಕೊಂಡಿರೋದು ಯಾರ ಸ್ವೆಟರು?"

ವೀಬ್ಕೆ ಬಗ್ಗಿ ನೋಡಿಕೊಂಡಳು. "ಚಳಿ ಇತ್ತು, ಮವ್ಜೂ. ಕೈಗೆ ಸಿಕ್ಕಿದ್ದು ಹಾಕ್ಕೊಂಡೆ."

"ನಾನು ಹೆಣೆದು ಕೊಟ್ಟಿದ್ದು ಕೈಗೆ ಸಿಗ್ಲಿಲ್ವಾ?"

"ಅದು ಒಗೆಯಕ್ಕೆ ಹಾಕಿದೀನಿ ಕಣೇ..."

"ಪಾಠ ಮುಂದುವರಿಸೋಣ," ಎಂದಳು ಡೋರ್ಟೆ, ಹಲ್ಲು ಕೀಳುವಾಗಿನ ತಾಳ್ಮೆಯಲ್ಲಿ. ವೀಬ್ಕೆ ಮೇಜಿನ ಮೇಲಿಟ್ಟಿದ್ದ ಕಾಲನ್ನು ಅವಳು ನೋಡದೆಯೇ ಮೆಲ್ಲನೆ ತಟ್ಟಿದಳು. ವೀಬ್ಕೆ ಕಾಲು ಕೆಳಗಿಳಿಸಿದಳು. ಎಷ್ಟು ವರ್ಷದ ಅಭ್ಯಾಸ ಇದ್ದರೆ ಹೀಗೆ ನೋಡದೆ ತಟ್ಟಬಹುದು! ಅಂದು ಮವ್ಜೂದಾ ಗಿರಾಕಿಯೊಬ್ಬಳ ಕಿವಿಯ ಹತ್ತಿರ ಕತ್ತರಿ ತಾಗಿಸಿ ಬೈಸಿಕೊಂಡಳು.

ದೂತಾವಾಸದ ಗಾಜಿನ ಕಿಟಕಿಯ ಆಚೆ ಕುಳಿತಿದ್ದ ಹೆಂಗಸು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದಳು. ಸೂಪು ಕೇಳಲಿಲ್ಲ. ಬೆಕ್ಕು ಕೇಳಲಿಲ್ಲ. ಹುಟ್ಟುಹಬ್ಬವನ್ನೂ ಕೇಳಲಿಲ್ಲ. ಅಷ್ಟು ದಿನ ಬಾಯಿಪಾಠ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

"ಇವರು ನಿಮಗೆ ಹೇಗೆ ಪರಿಚಯ?"

"ನಮ್ಮ ಅಂಗಡಿಗೆ ಬಂದಿದ್ಳು."

"ಅಂಗಡಿಗೆ ಬಂದವರೆಲ್ಲ ಸ್ನೇಹಿತರಾಗ್ತಾರಾ? ನನ್ನ ತಲೆಗೆ ಬಣ್ಣ ಹಚ್ಚೋಳ ಹೆಸರೇ ನನಗೆ ಗೊತ್ತಿಲ್ಲ. ಏನು ನಡೀತು, ಸರಿಯಾಗಿ ಹೇಳಿ."

ಡೋರ್ಟೆಯ ಜೊತೆ ಏನು ನಡೆದಿತ್ತು? ಏನೂ ಇಲ್ಲ. ಗೋಡೆಬದಿಯ ಬೆಂಚಿನ ಮೇಲೆ ಯಾರೋ ಕುಳಿತಿದ್ದರು ಎಂಬ ನೆನಪು, ಅಷ್ಟೇ. ಕಿಟಕಿಯ ಹೆಂಗಸು ಪೆನ್ನು ಎತ್ತಿಕೊಂಡಳು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಲೈಪ್‌ಜಿಗ್ ಮುಗಿಯಿತು, ವೀಬ್ಕೆ ಆ ಮನೆಯಲ್ಲೇ, ಆ ಸ್ವೆಟರಿನಲ್ಲೇ ಉಳಿದುಬಿಡುತ್ತಾಳೆ. ಬಾಯಿಗೆ ಬಂದದ್ದು ಒಂದೇ ಕಥೆ. ಅವಳ ಬಳಿ ಇದ್ದದ್ದೂ ಅದೊಂದೇ.

"ಬೆಟ್ಟದಲ್ಲಿ ಕುದುರೆ ಸವಾರಿ ಮಾಡಿ ಬಂದಿದ್ಳು. ಸೊಂಟದ ತನಕ ಕೂದ್ಲು. ಮುಳ್ಳುಬೀಜ ಸಿಕ್ಕೊಂಡು ಜಡೆಗಟ್ಟಿ ಹೋಗಿತ್ತು. ಕತ್ತರಿಸಿ ಬಿಸಾಕು ಅಂದ್ಳು. ನನಗೆ ಮನಸ್ಸು ಬರ್ಲಿಲ್ಲ. ಒಂದೊಂದೇ ಮುಳ್ಳು ಬಿಡಿಸ್ತಾ ಕೂತೆ. ಮಧ್ಯಾಹ್ನ ಹೋಗಿ ಸಂಜೆ ಆಯ್ತು. ತಲೆ ನನ್ನ ಕೈಲಿಟ್ಟು ಹಾಗೇ ನಿದ್ದೆ ಮಾಡ್ಬಿಟ್ಳು. ಎದ್ದು ಕನ್ನಡಿ ನೋಡಿದ್ಳು. ಎಲ್ರೂ ಅವರವರ ಕೂದ್ಲು ನೋಡ್ಕೋತಾರೆ ಮೇಡಂ. ಅವಳು ಕನ್ನಡೀಲಿ ನನ್ನ ನೋಡಿದ್ಳು."

ವೀಬ್ಕೆಯ ಬಗ್ಗೆ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು. ತೊತುಯಾಳಿಗೂ ಹೇಳಿರಲಿಲ್ಲ. ಈಗ ಡೋರ್ಟೆಯ ಹೆಸರಿಗೆ ಬರೆದುಕೊಟ್ಟಂತಾಯಿತು.

ಕಿಟಕಿಯ ಹೆಂಗಸು ಡೋರ್ಟೆಯ ಪಾಸ್‌ಪೋರ್ಟಿನ ಪ್ರತಿಯನ್ನು ಹತ್ತಿರ ಹಿಡಿದು ನೋಡಿದಳು. ಅದರ ತುಂಬ ಒಂದು ಚೌಕ ಮುಖ, ಹುಡುಗರ ಹಾಗೆ ಗಿಡ್ಡಗೆ ಕತ್ತರಿಸಿದ ಕೂದಲು.

"ಇಲ್ಲಿ ಕೂದಲೇ ಇಲ್ಲವಲ್ಲ?"

"ಊರಿಗೆ ಹೋಗಿ ಕತ್ತರಿಸ್ಕೊಂಡ್ಳು!" ಎಂದಳು ಮವ್ಜೂದಾ. ಸಿಟ್ಟು, ಅವಮಾನ, ಹೊಟ್ಟೆಕಿಚ್ಚು ಎಲ್ಲ ಒಟ್ಟಿಗೆ ಉಕ್ಕಿ ಕಣ್ಣು ತುಂಬಿಕೊಂಡಿತು. "ನಾನು ಅಷ್ಟು ಕಷ್ಟಪಟ್ಟು ಬಿಡಿಸಿದ್ದನ್ನ!"

ಹೆಂಗಸು ಕನ್ನಡಕವನ್ನು ಮೂಗಿಗಿಳಿಸಿ ಅವಳನ್ನು ನೋಡಿದಳು. "ತುಂಬಾ ಹಚ್ಚಿಕೊಂಡಿದೀರಿ ಅವರನ್ನ."

"ಹೂಂ," ಎಂದಳು ಮವ್ಜೂದಾ. "ತುಂಬಾ."

ವೀಸಾ ಬಂತು. ತೊತುಯಾ ಪಾಸ್‌ಪೋರ್ಟನ್ನು ಹಣೆಗೊತ್ತಿಕೊಂಡು, ಡ್ರೈಯರಿನ ಕೆಳಗೆ ಕುಳಿತಿದ್ದ ಗಿರಾಕಿಗೂ ತೋರಿಸಿ, "ನಮ್ಮ ಹುಡುಗಿ ಜರ್ಮನಿಗೆ ಹೊರಟ್ಳು, ಗೆಳತಿ ಮನೆಗೆ!" ಎಂದು ಗೆಳತಿ ಎಂಬಲ್ಲಿ ಮವ್ಜೂದಾಳ ಪಕ್ಕೆಗೆ ತಿವಿದಳು. ಅವಳಿಗೆ ಎಷ್ಟು ಗೊತ್ತಿತ್ತೋ, ಅದನ್ನು ಮವ್ಜೂದಾ ಎಂದೂ ಕೇಳಿರಲಿಲ್ಲ.

ಮವ್ಜೂದಾ ಒಳಕೋಣೆಗೆ ಹೋಗಿ ಫೋನು ಹಚ್ಚಿದಳು. ವೀಬ್ಕೆ ಕಿರುಚಿ, ಕುಣಿದು, ಪಕ್ಕದಲ್ಲಿದ್ದ ಡೋರ್ಟೆಯನ್ನೇ ತಬ್ಬಿಕೊಂಡಳು. ತಬ್ಬಲು ಅಲ್ಲಿ ಬೇರೆ ಯಾರೂ ಇರಲಿಲ್ಲ, ನಿಜ. ಆದರೂ ಮವ್ಜೂದಾಳ ನಗು ಅರ್ಧಕ್ಕೇ ನಿಂತಿತು. ಅಪ್ಪನಿಗೆ ಸುದ್ದಿ ಹೇಳಿ ಬರುತ್ತೇನೆಂದು ವೀಬ್ಕೆ ಇನ್ನೊಂದು ಫೋನು ಹುಡುಕಿಕೊಂಡು ಒಳಗೋಡಿದಳು. ಪರದೆಯ ಮೇಲೆ ಡೋರ್ಟೆ ಒಬ್ಬಳೇ ಉಳಿದಳು.

"ಏನು ಕೇಳಿದ್ರು?"

"ಹೇಗೆ ಪರಿಚಯ ಅಂದ್ರು. ನಿನ್ನ ಕೂದ್ಲು ಬಿಡಿಸಿದೆ ಅಂದೆ."

"ನನ್ನ ಕೂದಲು," ಎಂದಳು ಡೋರ್ಟೆ. ತನ್ನ ಬೋಳು ಕತ್ತನ್ನು ಒಮ್ಮೆ ಸವರಿಕೊಂಡಳು. "ನಾನೂ ಅಲ್ಲೇ ಇದ್ದೆ. ಅಷ್ಟು ಹೊತ್ತೂ. ನಿನಗೆ ನೆನಪಿಲ್ಲ."

"ನೆನಪಿದೆ. ಬೆಂಚಿನ ಮೇಲೆ."

"ನೀನು ಚಹಾ ಕೊಟ್ಟೆ. ಅವಳಿಗೆ ಬಟ್ಟಲಲ್ಲಿ ಒಂದೊಂದೇ ಗುಟುಕು, ಮತ್ತೆ ಮತ್ತೆ. ನನಗೆ ಮಾತ್ರ ಒಂದೇ ಸಲ, ಅಂಚಿನ ತನಕ. ಎಷ್ಟು ಒಳ್ಳೆಯವಳು, ನನಗೇ ಜಾಸ್ತಿ ಕೊಟ್ಟಳು ಅಂದುಕೊಂಡೆ." ಡೋರ್ಟೆ ಪದಗಳನ್ನು ಹುಡುಕಿ ಹುಡುಕಿ ಜೋಡಿಸುತ್ತಿದ್ದಳು. "ಈ ಚಳಿಗಾಲದಲ್ಲಿ ನಾನು ವೀಬ್ಕೆಗೆ ಹಾಗೇ ತುಂಬಿಸಿ ಕೊಟ್ಟೆ. ಅವಳು ನಕ್ಕಳು. ಅಲ್ಲಿ ಹೀಗೆ ಕೊಟ್ಟರೆ, ಕುಡಿದು ಎದ್ದು ನಡಿ ಅಂತ ಅರ್ಥ ಅಂದಳು."

ಮವ್ಜೂದಾಳ ಕಿವಿಗಳು ಬಿಸಿಯಾದವು. ಅವಳ ಊರಿನಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿರುವ ವಿಷಯ. ಬೇಡದ ಅತಿಥಿಗೆ ಕೂಡ ಯಾರೂ ಹಾಗೆ ಮಾಡುವುದಿಲ್ಲ. ಅಮ್ಮನಿಗೆ ಗೊತ್ತಾಗಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಳು. ಅಂದು ಮವ್ಜೂದಾ, ಪರದೇಶದವಳಿಗೆ ಎಲ್ಲಿ ತಿಳಿಯುತ್ತದೆ ಎಂದುಕೊಂಡಿದ್ದಳು.

"ಕೈತಪ್ಪಿ ತುಂಬಿತಾ?" ಎಂದು ಕೇಳಿದಳು ಡೋರ್ಟೆ.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಈ ತಿಂಗಳಲ್ಲಿ ಎಷ್ಟು ಸುಳ್ಳು ಹೇಳಿರಲಿಲ್ಲ?

"ಇಲ್ಲ. ಬೇಕಂತಲೇ."

ಡೋರ್ಟೆ ತಲೆಯಾಡಿಸಿದಳು. ಸಿಟ್ಟಾದಂತೆ ಕಾಣಲಿಲ್ಲ. ಅದನ್ನೇ ಮವ್ಜೂದಾಳಿಗೆ ಸಹಿಸಲಾಗಲಿಲ್ಲ.

"ಗೊತ್ತಿದ್ದೂ ಸಹಿ ಹಾಕಿದ್ಯಾ? ಯಾಕೆ?"

"ವೀಬ್ಕೆ ಅಡುಗೆಮನೇಲಿ ಕೂತು ಅಳ್ತಾಳೆ. ನಲ್ಲಿ ಬಿಟ್ಕೊಂಡು. ನನಗೆ ಕೇಳಿಸಲ್ಲ ಅಂದ್ಕೊಂಡಿದಾಳೆ."

ಅಷ್ಟರಲ್ಲಿ ವೀಬ್ಕೆ ಓಡಿಬಂದು ಡೋರ್ಟೆಯ ಪಕ್ಕದಲ್ಲಿ ಧೊಪ್ಪನೆ ಕುಳಿತಳು. ತೊಳೆದು ಬಾಚದ ಕೂದಲು ಮುದ್ದೆಯಾಗಿ ಬೆನ್ನ ಮೇಲೆ ಬಿದ್ದಿತ್ತು. "ಅಪ್ಪ ನಕ್ಕ, ಮವ್ಜೂ! ಅರ್ಧ ಬಾಯಲ್ಲಿ, ಆದರೂ ನಕ್ಕ. ನಿನ್ನ ಪಲಾವ್ ತಿನ್ಬೇಕಂತೆ. ಡೋರ್ಟೆ, ನಮ್ಮ ಮನೇಲಿ ಅಷ್ಟು ದೊಡ್ಡ ಪಾತ್ರೆ ಇದೆಯಾ?"

"ಇದೆ," ಎಂದಳು ಡೋರ್ಟೆ.

ವೀಬ್ಕೆ ಮಾತಾಡುತ್ತಲೇ ಹೋದಳು. ವಿಮಾನ ನಿಲ್ದಾಣ, ಹವೆ, ಬೂಟು. ಅವಳ ಕಿವಿಯ ಹಿಂದೆ ಕೂದಲಿನ ಒಂದು ಎಳೆ ಗಂಟುಬಿದ್ದು ಕಿವಿಯೋಲೆಗೆ ಸಿಕ್ಕಿಕೊಂಡಿತ್ತು. ಡೋರ್ಟೆಯ ಕೈ ತಾನಾಗಿಯೇ ಅತ್ತ ಎದ್ದಿತು. ನಡುವೆ ನಿಂತಿತು. ಅವಳು ಪರದೆಯ ಕಡೆ ಒಮ್ಮೆ ನೋಡಿದಳು. ಕೈ ಮೆಲ್ಲನೆ ಕೆಳಗಿಳಿದು, ಅವಳದೇ ತೊಡೆಯ ಮೇಲೆ ಹೋಗಿ ಕುಳಿತಿತು.

"ಮವ್ಜೂ, ಕೇಳಿಸ್ಕೋತಿದೀಯಾ?"

"ಕೇಳಿಸ್ಕೋತಿದೀನಿ, ಹೇಳು," ಎಂದಳು ಮವ್ಜೂದಾ. ಅವಳ ಕಣ್ಣು ಆ ಕೈಯನ್ನು ಬಿಟ್ಟು ಕದಲಲಿಲ್ಲ.